ಕಡತಕ್ಕೆ ಬೀಗ: ಲಿನಕ್ಸ್ ಮತ್ತು ವಿಂಡೋಸ್‌ಗಳಲ್ಲಿ ಪ್ರಯೋಗಿಸಿ ಕಂಡದ್ದು

ಶಿರಸಿಯ ಅಡಿಕೆ ವಹಿವಾಟಿನ ಕಚೇರಿಯೊಂದಕ್ಕೆ ಟೆಂಡರ್ ಲಾಟುಗಳ ತೂಕ ಮತ್ತು ದರವನ್ನು ದಾಖಲಿಸುವ ಪ್ರೋಗ್ರಾಂ ಬರೆಯುವಾಗ, ಒಂದೇ ಕಡತವನ್ನು ಎರಡು ಪ್ರಕ್ರಿಯೆಗಳು (ಓಡುತ್ತಿರುವ ಪ್ರೋಗ್ರಾಂಗಳು) ಏಕಕಾಲಕ್ಕೆ ತಿದ್ದದಂತೆ ತಡೆಯಬೇಕಿತ್ತು. ಅದೇ ಕೋಡ್ ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲೂ ಓಡಬೇಕಿತ್ತು. ಲಭ್ಯವಿರುವ ವಿಧಾನಗಳನ್ನು ಒಂದೊಂದಾಗಿ ಪ್ರಯೋಗಿಸಿ ನೋಡಿದೆ.

ಬೀಗದ ಗುರುತಾಗಿ ಖಾಲಿ ಕಡತವೊಂದನ್ನು ಸೃಷ್ಟಿಸುವ, ಅದು ಮೊದಲೇ ಇದ್ದರೆ ಹಿಂದೆ ಸರಿಯುವ ವಿಧಾನ ಎಲ್ಲೆಡೆ ನಡೆಯುತ್ತದೆ. ಆದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಕಂಪ್ಯೂಟರ್ ನಿಂತರೆ ಗುರುತು ಡಿಸ್ಕಿನಲ್ಲೇ ಉಳಿದು, ಯಾರೂ ಹಿಡಿಯದ ಬೀಗ ಎಲ್ಲರನ್ನೂ ತಡೆಯುತ್ತದೆ. ನಮ್ಮ ಘಟ್ಟದ ಮೇಲಿನ ಊರುಗಳಿಗೆ ಇದು ಒಗ್ಗದು.

ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಕಾಯುವ ಬೀಗಕ್ಕೆ ಈ ತೊಂದರೆಯಿಲ್ಲ. ಪ್ರಕ್ರಿಯೆ ಸತ್ತರೆ ಅದೂ ಬಿಡುಗಡೆಯಾಗುತ್ತದೆ. ಲಿನಕ್ಸ್‌ನಲ್ಲಿ ಬಿಎಸ್‌ಡಿ ಯುನಿಕ್ಸ್‌ನಿಂದ ಬಂದ ಫ್ಲಾಕ್ (flock) ಎಂಬ ಕರೆ ಇಡೀ ಕಡತಕ್ಕೆ ಬೀಗ ಹಾಕುತ್ತದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪಾಸಿಕ್ಸ್‌ನ ಎಫ್‌ಸಿಎನ್‌ಟಿಎಲ್ (fcntl) ಕರೆ ಬೇಕಾದ ಬೈಟ್‌ಗಳಿಗಷ್ಟೇ ಹಾಕಬಲ್ಲದು, ಆದರೆ ಅದರ ಬೀಗ ಪ್ರಕ್ರಿಯೆಗೆ ಸೇರಿದ್ದು. ಪ್ರೋಗ್ರಾಮಿನ ಬೇರೊಂದು ಭಾಗ, ಅಥವಾ ನಾವು ಬಳಸುವ ಯಾವುದೋ ಲೈಬ್ರರಿ, ಅದೇ ಕಡತವನ್ನು ಓದಲೆಂದು ತೆರೆದು ಮುಚ್ಚಿದೊಡನೆ, ಆ ಕಡತದ ಮೇಲೆ ಪ್ರಕ್ರಿಯೆ ಹಿಡಿದಿದ್ದ ಎಲ್ಲ ಬೀಗಗಳೂ ಸದ್ದಿಲ್ಲದೆ ಕಳಚಿಹೋಗುತ್ತವೆ. ಪ್ರಯೋಗದಲ್ಲಿ ಇದನ್ನು ಕಣ್ಣಾರೆ ಕಂಡ ಮೇಲೆ ಹಳೆಯ ಎಫ್‌ಸಿಎನ್‌ಟಿಎಲ್ ಬೀಗವನ್ನು ನೆಚ್ಚಲಾಗಲಿಲ್ಲ. ಈ ದೋಷವನ್ನು ನೀಗಿಸುವ ಒಎಫ್‌ಡಿ (open file description) ಬೀಗಗಳು, ಅಂದರೆ ಪ್ರಕ್ರಿಯೆಗಲ್ಲದೆ ಕಡತವನ್ನು ತೆರೆದ ಆ ಒಂದು ಸಲಕ್ಕೆ ಸೇರಿದ ಬೀಗಗಳು, 2014ರಲ್ಲಿ ಲಿನಕ್ಸ್ 3.15ರೊಂದಿಗೆ ಬಂದವು, 2024ರ ಪಾಸಿಕ್ಸ್ ಅವುಗಳನ್ನು ಸೇರಿಸಿಕೊಂಡಿದೆ.

ವಿಂಡೋಸ್‌ನಲ್ಲಿ ಬೀಗ ಹಾಕುವ ಕರೆಯಾದ ಲಾಕ್‌ಫೈಲ್‌ಎಕ್ಸ್‌ನ (LockFileEx) ಸ್ವಭಾವವೇ ಬೇರೆ. ಲಿನಕ್ಸ್‌ನಲ್ಲಿ ಬೀಗವನ್ನು ಕೇಳದೆಯೇ ಓದುವ ಪ್ರೋಗ್ರಾಮಿಗೆ ಯಾವ ಅಡ್ಡಿಯೂ ಇಲ್ಲ. ವಿಂಡೋಸ್‌ನಲ್ಲಾದರೋ ಏಕಸ್ವಾಮ್ಯದ ಬೀಗ ಬಿದ್ದ ಭಾಗವನ್ನು ಬೇರೆ ಪ್ರಕ್ರಿಯೆ ಓದಹೊರಟರೆ ದೋಷವೇ ಮರಳುತ್ತದೆ. ದತ್ತಾಂಶಕ್ಕೇ ಬೀಗ ಹಾಕಿದರೆ, ಲಿನಕ್ಸ್‌ನಲ್ಲಿ ಸರಾಗವಾಗಿ ನಡೆದ ದರಪಟ್ಟಿ ವೀಕ್ಷಣೆ ವಿಂಡೋಸ್‌ನಲ್ಲಿ ನಿಲ್ಲುತ್ತದೆ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಕೂಡ ಇದೇ ಕಾರಣಕ್ಕೆ ಕಡತದ 1 ಜಿಬಿ ಗಡಿಯಲ್ಲಿರುವ ಕೆಲವು ಬೈಟ್‌ಗಳನ್ನು ಬೀಗಕ್ಕೆಂದೇ ಮೀಸಲಿಟ್ಟು, ಅಲ್ಲಿ ದತ್ತಾಂಶ ಬರೆಯುವುದಿಲ್ಲ.

ಆದ್ದರಿಂದ ನನ್ನ ಆಯ್ಕೆ ಸ್ಪಷ್ಟ: ದತ್ತಾಂಶದ ಪಕ್ಕದಲ್ಲಿ ಬೀಗಕ್ಕೆಂದೇ ಪ್ರತ್ಯೇಕ ಕಡತ, ಅದರ ಮೇಲೆ ಲಿನಕ್ಸ್‌ನಲ್ಲಿ ಒಎಫ್‌ಡಿ ಬೀಗ, ವಿಂಡೋಸ್‌ನಲ್ಲಿ ಲಾಕ್‌ಫೈಲ್‌ಎಕ್ಸ್. ಕೆಲಸ ಮುಗಿದ ಮೇಲೆ ಆ ಕಡತವನ್ನು ಅಳಿಸಬಾರದು. ಲಿನಕ್ಸ್‌ನಲ್ಲಿ ಅಳಿಸಿದರೆ, ಕಾದು ನಿಂತಿದ್ದ ಪ್ರಕ್ರಿಯೆಗೆ ಹೆಸರಿಲ್ಲದ ಹಳೆಯ ಕಡತದ ಬೀಗ ಸಿಗುತ್ತದೆ, ಹೊಸದಾಗಿ ಬಂದದ್ದು ಅದೇ ಹೆಸರಿನಲ್ಲಿ ಇನ್ನೊಂದು ಕಡತ ಸೃಷ್ಟಿಸಿ ಅದರ ಬೀಗ ಹಿಡಿಯುತ್ತದೆ, ಮತ್ತು ಎರಡೂ ಒಟ್ಟಿಗೆ ಬರೆಯತೊಡಗುತ್ತವೆ.