ಮೂರು ಕಾಲಿನ ಟೆಸ್ಟರ್: ‘ಕೆಟ್ಟಿದೆ’ ಅಂದರೂ ‘ಸರಿಯಿದೆ’ ಅಂದರೂ ತುಸು ತಡೆಯಿರಿ

ಒಂದು ಗುಂಡಿ, ಚಿಕ್ಕ ಪರದೆ, ಲಿವರ್ ಇರುವ ಸಾಕೆಟ್, 9 ವೋಲ್ಟ್ ಬ್ಯಾಟರಿ. ಟ್ರಾನ್ಸಿಸ್ಟರಿನಂಥ ಬಿಡಿಭಾಗಗಳನ್ನು ಪರೀಕ್ಷಿಸುವ, ಸಾವಿರ ರೂಪಾಯಿಯೊಳಗೆ ಸಿಗುವ ಈ ಕಾಂಪೊನೆಂಟ್ ಟೆಸ್ಟರ್‌ನ ಮೂಲ ಜರ್ಮನಿಯ ಹವ್ಯಾಸಿಗಳ ವಿನ್ಯಾಸ. ಈಗ ಬರುವುದರಲ್ಲಿ ಬಹಳಷ್ಟು ಎಟಿಮೆಗಾ328 ಥರದ ಚಿಪ್ಪಿನ ನಕಲುಗಳೇ. ಉಳಿದ ವಿವರ ಮಾರುವವರ ಪುಟದಲ್ಲಿದೆ, ಬಿಡಿ.

ಇದರ ನಿಜವಾದ ಸುಖ ಟ್ರಾನ್ಸಿಸ್ಟರಿನ ಮೂರು ಕಾಲು ಗುರುತಿಸುವುದರಲ್ಲಿದೆ. ಚಪ್ಪಟೆ ಮುಖ ನಮ್ಮ ಕಡೆ ಹಿಡಿದರೆ ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಸಿ1815ರಲ್ಲಿ ಬೇಸ್ ನಡುವೆಯೇ ಇಲ್ಲ, ತುದಿಯಲ್ಲಿದೆ. ಹಳೇ ಬೋರ್ಡಿನಿಂದ ಕಿತ್ತಿಟ್ಟ, ಅಕ್ಷರ ಅಳಿಸಿಹೋದ ಮಾಲನ್ನು ಹೇಗೆ ಬೇಕಾದರೂ ಸಿಕ್ಕಿಸಿ, ಲಿವರ್ ಇಳಿಸಿ, ಗುಂಡಿ ಒತ್ತಿ. ಎರಡು ಮೂರು ಸೆಕೆಂಡಿನಲ್ಲಿ ಜಾತಿ ಎನ್‌ಪಿಎನ್ನೋ ಪಿಎನ್‌ಪಿಯೋ, ಯಾವ ಕಾಲು ಯಾವುದು, ಎಚ್‌ಎಫ್‌ಇ (ಬೇಸಿನ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಲೆಕ್ಕ) ಎಷ್ಟು, ಎಲ್ಲ ಪರದೆಯ ಮೇಲೆ. ಮಳೆ ಹಿಡಿದ ಸಂಜೆ ಡಬ್ಬಿಯ ಮಾಲನ್ನೆಲ್ಲ ಹೀಗೆ ಒಂದೊಂದಾಗಿ ವಿಂಗಡಿಸುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು. ಬಿಸಿ547ಬಿ ಆದರೆ ಎಚ್‌ಎಫ್‌ಇ 200ರಿಂದ 450ರೊಳಗೆ ಬರಬೇಕು. ಬೆಸುಗೆ ಬಿಡಿಸಿದ ಕೂಡಲೇ ಅಳೆಯಬೇಡಿ. ಬಿಸಿಯಿದ್ದರೆ ಎಚ್‌ಎಫ್‌ಇ ಏರಿ ಕಾಣುತ್ತದೆ, ಬೇಸ್-ಎಮಿಟರ್ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ ಇಳಿಯುತ್ತದೆ.

ಬೋರ್ಡಿನಲ್ಲಿ ಇದ್ದಹಾಗೇ ನೋಡಲು ಇದು ಬೇಡ, ಮಲ್ಟಿಮೀಟರಿನ ಡಯೋಡ್ ಮೋಡೇ ಸಾಕು. ಎನ್‌ಪಿಎನ್ ಆದರೆ ಕೆಂಪು ತಂತಿ ಬೇಸಿಗೆ. ಉಳಿದೆರಡು ಕಾಲಿಗೂ 0.6ರಿಂದ 0.7 ವೋಲ್ಟ್ ಬರಬೇಕು. ಕಲೆಕ್ಟರ್-ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಓಪನ್, ಅಂದರೆ ಕರೆಂಟು ಹರಿಯಬಾರದು. ಸಂಶಯ ಬಂದರೆ ಮಾತ್ರ ಬಿಡಿಸಿ ಟೆಸ್ಟರಿಗೆ ಹಾಕಿ. ಇನ್ವರ್ಟರಿನಲ್ಲಿ ಮಾಸ್ಫೆಟ್‌ಗಳು (ಗೇಟ್, ಡ್ರೇನ್, ಸೋರ್ಸ್ ಎಂಬ ಕಾಲುಗಳ ಟ್ರಾನ್ಸಿಸ್ಟರ್) ಪ್ಯಾರಲಲ್ ಇರುವುದರಿಂದ ಒಂದು ಶಾರ್ಟ್ ಆದರೆ ಆ ಸಾಲಿನ ಎಲ್ಲವೂ ಶಾರ್ಟ್ ಎಂದೇ ಕಾಣುತ್ತವೆ. ಬಿಡಿಸದೆ ಕಳ್ಳ ಸಿಗುವುದಿಲ್ಲ. ಗೇಟ್ ರೆಸಿಸ್ಟರ್ ಸುಟ್ಟಿದೆಯೇ ಎಂದು ಜೊತೆಗೇ ನೋಡಿ, ಇಲ್ಲದಿದ್ದರೆ ಹೊಸ ಮಾಸ್ಫೆಟ್ಟೂ ಹೋಗುತ್ತದೆ.

ಇಷ್ಟರವರೆಗೆ ಹೊಗಳಿಕೆ. ಬೇಸರ ಇರುವುದು ಅದರ 5 ವೋಲ್ಟ್‌ನಲ್ಲಿ. ಟೆಸ್ಟರ್ ಕೊಡುವುದು ಅಷ್ಟೇ ವೋಲ್ಟೇಜು, ಕೆಲವೇ ಮಿಲಿಆಂಪಿಯರ್ ಕರೆಂಟು. ಹಾಗಾಗಿ ಲೋಡಿನಲ್ಲಿ ಬಿಸಿಯಾದಾಗ ಲೀಕ್ ಆಗುವ (ಆಫ್ ಇದ್ದರೂ ಕರೆಂಟು ಸೋರುವ), ನೂರಾರು ವೋಲ್ಟಿನಲ್ಲಿ ಮಾತ್ರ ಕೈಕೊಡುವ ಟ್ರಾನ್ಸಿಸ್ಟರ್ ಇದರಲ್ಲಿ ಸಲೀಸಾಗಿ ಪಾಸಾಗುತ್ತದೆ. ಇಂಡಕ್ಷನ್ ಒಲೆಯ ಐಜಿಬಿಟಿ ಎಂಬ ಪವರ್ ಟ್ರಾನ್ಸಿಸ್ಟರಿನಲ್ಲಿ ಕಥೆ ಉಲ್ಟಾ: ಅದರ ಗೇಟ್ ತೆರೆಯಲು ಎಷ್ಟೋ ಸಲ 5 ವೋಲ್ಟ್ ಸಾಲದು, ಒಳಗಿನ ಡಯೋಡ್ ಮಾತ್ರ ತೋರಿಸುತ್ತದೆ. ಒಳ್ಳೆಯ ಮಾಲನ್ನೇ ಕಸಕ್ಕೆ ಎಸೆಯುವಂತಾಗುತ್ತದೆ. ಬೇಸ್-ಎಮಿಟರ್ ನಡುವೆ ರೆಸಿಸ್ಟರ್ ಒಳಗೇ ಇರುವ ಹಳೇ ಟಿವಿಯ ಬಿಯು508ಡಿಎಫ್ ಥರದವಕ್ಕೂ ಇದರ ತೀರ್ಪು ನಂಬುವಂತಿಲ್ಲ.

ಲೀಕ್ ಹಿಡಿಯಲು ಇನ್ವರ್ಟರಿನ 12 ವೋಲ್ಟ್ ಬ್ಯಾಟರಿಯೇ ಸಾಕು. ಪ್ಲಸ್ ಟರ್ಮಿನಲ್ಲಿನ ಬುಡದಲ್ಲೇ 10 ಕಿಲೋ ಓಮ್ ರೆಸಿಸ್ಟರ್ ಹಾಕಿ, ಅದರಾಚೆ ಕಲೆಕ್ಟರ್, ಎಮಿಟರ್ ಮೈನಸ್‌ಗೆ, ಬೇಸ್ ಖಾಲಿ. ಮಾಸ್ಫೆಟ್ ಆದರೆ ಡ್ರೇನ್ ಪ್ಲಸ್ ಕಡೆ, ಗೇಟನ್ನು ಸೋರ್ಸಿಗೆ ಜೋಡಿಸಿ ಮೈನಸ್‌ಗೆ. ಪಿಎನ್‌ಪಿಗೆ ಎಲ್ಲ ತಿರುವುಮುರುವು. ರೆಸಿಸ್ಟರಿನ ಎರಡು ತುದಿಗೆ ಮೀಟರ್ ಇಡಿ: ಮೊದಲು 20 ವೋಲ್ಟ್ ರೇಂಜ್, ಆಮೇಲೆ 200 ಮಿಲಿವೋಲ್ಟ್. ಒಳ್ಳೆಯ ಸಿಲಿಕಾನ್ ಮಾಲಿನಲ್ಲಿ ಬಹುತೇಕ ಸೊನ್ನೆ. 100 ಮಿಲಿವೋಲ್ಟ್ ಬಂದರೆ 10 ಮೈಕ್ರೋಆಂಪ್ ಲೀಕ್ ಎಂದರ್ಥ. ಈಗ ಹೇರ್ ಡ್ರೈಯರಿನ ಬಿಸಿಗಾಳಿ ಬಿಡಿ. ಸ್ವಲ್ಪ ಏರಿ ತಣಿದಾಗ ಇಳಿದರೆ ತೊಂದರೆಯಿಲ್ಲ, ಏರುತ್ತಲೇ ಹೋದರೆ ಎಸೆಯಿರಿ. ಹೈವೋಲ್ಟೇಜ್ ಮಾಲಿಗೆ ಈ ಪರೀಕ್ಷೆಯೂ ಸಾಲದು; ಎಸ್‌ಎಂಪಿಎಸ್‌ನಲ್ಲಿ (ಸ್ವಿಚಿಂಗ್ ಪವರ್ ಸಪ್ಲೈ) ಹೊಸದು ಹಾಕಿ, ಮೊದಲ ಸಲ ಸ್ವಿಚ್ ಹಾಕುವಾಗ ಸೀರೀಸಿನಲ್ಲಿ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಇಡಿ.

ಇನ್ನು ನಮ್ಮ ಮಲೆನಾಡಿನ ಥಂಡಿ. ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢದಲ್ಲಿ ಗೋಡೆಯೇ ಬೆವರುವಾಗ ಈ ಸಾಕೆಟ್ಟಿನ ಲೋಹದ ಪಟ್ಟಿಗಳು ಕಪ್ಪಾಗುತ್ತವೆ. ಅದೇ ಟ್ರಾನ್ಸಿಸ್ಟರಿಗೆ ಒಮ್ಮೆ ಎನ್‌ಪಿಎನ್, ಇನ್ನೊಮ್ಮೆ ‘ಗೊತ್ತಿಲ್ಲ’ ಎಂದು ಬಂದರೆ ಮಾಲನ್ನು ಬೈಯಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ ಲಿವರನ್ನು ಹತ್ತಾರು ಸಲ ಆಡಿಸಿ, ಒಣಗಿದ ಮೇಲೆ ಮೂರೂ ರಂಧ್ರ ಶಾರ್ಟ್ ಮಾಡಿ ಸೆಲ್ಫ್ ಟೆಸ್ಟ್ ಓಡಿಸಿ. ರಿಪೇರಿಯ ಬೋರ್ಡಿಗೂ ಇದೇ ಔಷಧ: ಬೆಸುಗೆಯ ಹಳೇ ಫ್ಲಕ್ಸ್ ಮೇಲೆ ಪಸೆ ಕೂತರೆ ಬೇಸಿಗೆ ಸಣ್ಣ ಲೀಕ್ ಶುರುವಾಗಿ, ಏನೂ ಆಗದ ಟ್ರಾನ್ಸಿಸ್ಟರಿನ ಮೇಲೆ ಆರೋಪ ಬರುತ್ತದೆ.

ಕೆಪಾಸಿಟರನ್ನು ಡಿಸ್ಚಾರ್ಜ್ ಮಾಡದೆ ಸಿಕ್ಕಿಸಿದರೆ ಟೆಸ್ಟರಿನ ಚಿಪ್ಪೇ ಹೋಗಬಹುದು. 9 ವೋಲ್ಟ್ ಬ್ಯಾಟರಿಗೆ ಪದೇ ಪದೇ ದುಡ್ಡು ಸುರಿಯುವುದು ಬೇಡವಾದರೆ ಯುಎಸ್‌ಬಿಯಲ್ಲಿ ಚಾರ್ಜ್ ಆಗುವ ಟಿಸಿ1 ಮಾದರಿ ತಗೊಳ್ಳಿ. ಮನೆಯಲ್ಲಿ ಒಳ್ಳೆಯ ಮಲ್ಟಿಮೀಟರೇ ಇಲ್ಲದಿದ್ದರೆ ಮೊದಲು ಅದು, ಆಮೇಲೆ ಇದು.