ಎಂಎಸಿಟಿ ಪರಿಹಾರ ಬಂತೆಂದು ಶೇಕಡಾವಾರು ಫೀ ಕೊಡಬೇಡಿ

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ (ಎಂಎಸಿಟಿ) ಆದೇಶ ಹೈಕೋರ್ಟಿನಲ್ಲಿ ಬಿದ್ದರೆ ಅಥವಾ ಕಡಿತವಾದರೆ, ಹೆಚ್ಚುವರಿ ಹಣ ವಾಪಸ್ ಕಟ್ಟಬೇಕಾದವರು ಅರ್ಜಿದಾರರು. ಅದರಲ್ಲಿ ಪಾಲು ತೆಗೆದುಕೊಂಡ ವಕೀಲರಲ್ಲ.

ಒಂದು ಲೆಕ್ಕ ನೋಡಿ. ನ್ಯಾಯಮಂಡಳಿ 12 ಲಕ್ಷ ಕೊಟ್ಟಿತು. ತಡೆಯಾಜ್ಞೆ ಇಲ್ಲದ್ದರಿಂದ ಹಣ ಪೂರ್ತಿ ಬಂತು. ವಕೀಲರಿಗೆ ಶೇ 20, ಅಂದರೆ 2.40 ಲಕ್ಷ ಹೋಯಿತು. ವಿಮಾ ಕಂಪನಿಯ ಮೇಲ್ಮನವಿಯಲ್ಲಿ ಪರಿಹಾರ 8 ಲಕ್ಷಕ್ಕೆ ಇಳಿಯಿತು. ಈಗ 4 ಲಕ್ಷ ಹಿಂದಿರುಗಿಸಬೇಕು, ಉಳಿಯುವುದು 5.60 ಲಕ್ಷ. ಫೀ ನಿಜವಾಗಿ ಬಿದ್ದದ್ದು ಶೇ 30! ಹೈಕೋರ್ಟ್ ವಕೀಲರ ಫೀ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 144ನೇ ಕಲಂನಡಿ ವಾಪಸಾತಿಗೆ ಅರ್ಜಿ ಹಾಕಿದರೆ ಬಡ್ಡಿಯೂ ಸೇರಬಹುದು.

ಗೆದ್ದವರ ಖರ್ಚು ಸೋತವರು ಕೊಡಬೇಕೆಂಬುದು ನಿಯಮವೇನೋ ಹೌದು. ಆದರೆ ಆದೇಶದಲ್ಲಿ 'ವಕೀಲರ ಫೀ' ಎಂದು ಬರೆಯುವ ಮೊತ್ತ ಎಷ್ಟೋ ಸಲ ಸಾವಿರ ರೂಪಾಯಿ ಆಸುಪಾಸು. ಮೇಲ್ಮನವಿಯಲ್ಲಿ ಸಾಮಾನ್ಯವಾಗಿ ಅವರವರ ಖರ್ಚು ಅವರವರದೇ. ಪ್ರಕರಣ ಮರುವಿಚಾರಣೆಗೆ ವಾಪಸ್ ಬಂದರಂತೂ ಡಾಕ್ಟರ ಸಾಕ್ಷ್ಯದ ಖರ್ಚು ಮತ್ತೆ ನಿಮ್ಮ ತಲೆ ಮೇಲೆಯೇ.

ಆದೇಶ ಕುಸಿಯುವುದು ಹೆಚ್ಚಾಗಿ ಅಂಗವಿಕಲತೆಯ ಶೇಕಡಾದಲ್ಲಿ. ಚಿಕಿತ್ಸೆ ಕೊಡದ ಡಾಕ್ಟರು ಕಾಲಿಗೆ ಬರೆದ ಶೇ 40 ಅನ್ನು ಇಡೀ ದೇಹದ ನಷ್ಟವೆಂದು ಹಿಡಿದಿದ್ದರೆ, ಹೈಕೋರ್ಟ್ ಅದನ್ನು ಉಳಿಸುವುದು ಕಷ್ಟ. ಅಂಥ ಆದೇಶ ಕೈಯಲ್ಲಿದ್ದರೆ ಹಣಕ್ಕೆ ಕೈ ಹಚ್ಚುವ ಮುಂಚೆ ಯೋಚಿಸಿ.

ಮೇಲ್ಮನವಿಗೆ ಅವಧಿ 90 ದಿನ. ವಿಳಂಬ ಮನ್ನಾ ಆಗುವುದೂ ಉಂಟು, ಹಾಗಾಗಿ 91ನೇ ದಿನ ನಿರಾಳ ಎಂದುಕೊಳ್ಳಬೇಡಿ. ಕಂಪನಿ ಮೇಲ್ಮನವಿ ಸಲ್ಲಿಸುವಾಗ 25,000 ರೂ. ಅಥವಾ ಪರಿಹಾರದ ಅರ್ಧ, ಎರಡರಲ್ಲಿ ಕಡಿಮೆಯಾದಷ್ಟನ್ನು ಠೇವಣಿ ಇಟ್ಟರೆ ಸಾಕು. ಆದೇಶ ಬಂದ ಕೂಡಲೇ ಕೇವಿಯಟ್ (ನಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿ, ಅದಕ್ಕೂ 90 ದಿನದ ಆಯಸ್ಸು. ಮನೆ ಬದಲಿಸಿದ್ದರೆ ನೋಟಿಸ್ ಹಳೇ ವಿಳಾಸಕ್ಕೇ ಹೋಗುತ್ತದೆ. ಹೈಕೋರ್ಟ್ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಹಾಕಿ ಎಂಎಫ್‌ಎ (ಇಂಥ ಮೇಲ್ಮನವಿಗೆ ಹೈಕೋರ್ಟ್ ಕೊಡುವ ಹೆಸರು) ಇದೆಯೇ ಎಂದು ಆಗಾಗ ನೋಡಿ. ಊರು ಯಾವುದೆಂಬುದರ ಮೇಲೆ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಒಂದು. ನೋಟಿಸ್ ಬಂದಿದ್ದರೆ ಒಂದು ತಿಂಗಳೊಳಗೆ ಪ್ರತ್ಯಾಕ್ಷೇಪ (ಕಂಪನಿಯ ಮೇಲ್ಮನವಿಯಲ್ಲೇ ನಿಮ್ಮ ಆಕ್ಷೇಪಣೆ) ಸಲ್ಲಿಸಿ ಹೆಚ್ಚಿನ ಪರಿಹಾರ ಕೇಳಬಹುದು.

ಫಲಿತಾಂಶಕ್ಕೆ ತಕ್ಕಂತೆ ಫೀ ನಿಗದಿಪಡಿಸುವುದನ್ನು, ಬಂದ ಹಣದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳೇ ನಿಷೇಧಿಸಿವೆ. ನಿಗದಿತ ಮೊತ್ತ ಮಾತಾಡಿ, ರಸೀದಿ ಪಡೆಯಿರಿ. ಹಣ ನಿಮ್ಮ ಖಾತೆಗೇ ಜಮಾ ಆಗುತ್ತದೆ. ಅದಕ್ಕೇ ಕೆಲವು ವಕೀಲರು ಸಹಿ ಮಾಡಿದ ಖಾಲಿ ಚೆಕ್ ಮೊದಲೇ ಕೇಳುತ್ತಾರೆ. ಯಾವ ಕಾರಣಕ್ಕೂ ಕೊಡಬೇಡಿ, ಪಾಸ್‌ಬುಕ್ಕನ್ನೂ ಬಿಟ್ಟುಬರಬೇಡಿ.

ಮೇಲ್ಮನವಿ ಬಾಕಿ ಇರುವಷ್ಟು ದಿನ ವಿವಾದದಲ್ಲಿರುವ ಭಾಗವನ್ನು ಎಫ್‌ಡಿಯಲ್ಲೇ ಇಡಿ. ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ–ಪಂಗಡದವರು ಆದಾಯದ ಮಿತಿಯಿಲ್ಲದೆ ಹೈಕೋರ್ಟ್ ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರನ್ನು ಕೇಳಬಹುದು.