ಎರವಲು ಪಠ್ಯ, ಹಲವು ಥ್ರೆಡ್‌ಗಳು: ರಸ್ಟ್‌ನಲ್ಲಿ ಪ್ರಯೋಗಿಸಿ ನೋಡಿದ ದಾರಿಗಳ ಹೋಲಿಕೆ

ಕಾಸರಗೋಡು ಜಿಲ್ಲೆಯ ಸ್ಥಳನಾಮಗಳು ಬರಹದಲ್ಲಿ ಒಂದೇ ರೂಪದಲ್ಲಿ ಸಿಗುವುದಿಲ್ಲ. ಕುಂಬಳೆ ಎಂದೂ ಕುಂಬ್ಳೆ ಎಂದೂ ಬರೆಯುವವರಿದ್ದಾರೆ. ನೀಲೇಶ್ವರ ಒಬ್ಬರ ಕೈಯಲ್ಲಿ ನೀಲೇಶ್ವರಂ ಆಗುತ್ತದೆ. ಕನ್ನಡ ಲಿಪಿಯಲ್ಲಿರುವ ತುಳು ಪಠ್ಯಗಳಲ್ಲಿ ರೂಪಗಳು ಇನ್ನೂ ಬೇರೆ. ಇಂಥ ಪಠ್ಯಗಳನ್ನು ಒಟ್ಟಾಗಿ ಓದಿ, ಯಾವ ಊರಿನ ಹೆಸರು ಯಾವ ರೂಪದಲ್ಲಿ, ಯಾವ ಸಾಲಿನಲ್ಲಿ ಬಂದಿದೆ ಎಂದು ಪಟ್ಟಿ ಮಾಡಿಕೊಡುವ ಒಂದು ಪ್ರೋಗ್ರಾಮನ್ನು ಬದಿಯಡ್ಕದ ಮನೆಯಲ್ಲಿ ಕುಳಿತು ರಸ್ಟ್ ಭಾಷೆಯಲ್ಲಿ ಬರೆದಿದ್ದೇನೆ. ಒಂದು ದೊಡ್ಡ ಪಠ್ಯ, ಒಂದು ಸ್ಥಳನಾಮಗಳ ಕೋಶ, ಇವೆರಡನ್ನೂ ಏಕಕಾಲಕ್ಕೆ ಓದಬೇಕಾದ ಹಲವು ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಕೆಲಸದ ಎಳೆಗಳು): ಸಮಸ್ಯೆ ಇಷ್ಟೇ. ಪಠ್ಯದ ಮತ್ತು ಕೋಶದ ಒಡೆತನ, ಅಂದರೆ ಅವುಗಳ ಮೆಮೊರಿಯನ್ನು ಕೊನೆಗೆ ಬಿಡುಗಡೆ ಮಾಡುವ ಹೊಣೆ, ಮುಖ್ಯ ಫಂಕ್ಷನ್‌ನಲ್ಲಿ ಉಳಿಯಬೇಕು, ಥ್ರೆಡ್‌ಗಳು ಅವನ್ನು ಎರವಲು ಪಡೆದು, ಒಡೆತನವಿಲ್ಲದೆ, ಓದಬೇಕು. ಇದಕ್ಕೆ ರಸ್ಟ್‌ನಲ್ಲಿ ಇರುವ ದಾರಿಗಳನ್ನು ಒಂದೇ ಪ್ರೋಗ್ರಾಮಿನ ಮೇಲೆ ಒಂದಾದ ಮೇಲೊಂದರಂತೆ ಬಳಸಿ ನೋಡಿದ ಹೋಲಿಕೆ ಇದು.

ಎಲ್ಲರೂ ಮೊದಲು ಕೈಹಾಕುವುದು ಸ್ಟ್ಯಾಂಡರ್ಡ್ ಲೈಬ್ರರಿಯ ಹೊಸ ಥ್ರೆಡ್ ಹುಟ್ಟಿಸುವ ಥ್ರೆಡ್ ಸ್ಪಾನ್ ಫಂಕ್ಷನ್‌ಗೆ. ಅದಕ್ಕೆ ಕೊಡುವ ಕ್ಲೋಷರ್ (ಸುತ್ತಲಿನ ಮೌಲ್ಯಗಳನ್ನು ಹಿಡಿದುಕೊಳ್ಳಬಲ್ಲ ಹೆಸರಿಲ್ಲದ ಫಂಕ್ಷನ್) ಪಠ್ಯವನ್ನು ರೆಫರೆನ್ಸ್ (ನಕಲಿಲ್ಲದೆ ಮೌಲ್ಯದತ್ತ ಬೊಟ್ಟುಮಾಡುವ ಸೂಚಕ) ಮೂಲಕ ಹಿಡಿದುಕೊಂಡರೆ ಕಂಪೈಲರ್ ಇ0373 ಸಂಖ್ಯೆಯ ದೋಷವನ್ನು ತೋರಿಸಿ, ಈ ಕ್ಲೋಷರ್ ಅದನ್ನು ಸೃಷ್ಟಿಸಿದ ಫಂಕ್ಷನ್‌ಗಿಂತ ಹೆಚ್ಚು ಕಾಲ ಬದುಕಬಹುದು ಎಂದು ಹೇಳುತ್ತದೆ. ಮರುಸಾಲಿನಲ್ಲೇ ಜಾಯಿನ್ ಕರೆದು ಥ್ರೆಡ್ ಮುಗಿಯುವವರೆಗೆ ಕಾಯುತ್ತೇನೆ ಎಂದು ನಾವು ಬರೆದಿದ್ದರೂ ಉತ್ತರ ಬದಲಾಗುವುದಿಲ್ಲ, ಏಕೆಂದರೆ ಸ್ಪಾನ್‌ನ ಸಹಿಯಲ್ಲಿಯೇ, ಅಂದರೆ ಅದರ ಘೋಷಣೆಯಲ್ಲಿಯೇ, ಕ್ಲೋಷರ್ ಮತ್ತು ಅದು ಹಿಂತಿರುಗಿಸುವ ಮೌಲ್ಯ ಎರಡೂ ಸ್ಟ್ಯಾಟಿಕ್ ಲೈಫ್‌ಟೈಮಿನ ನಿರ್ಬಂಧಕ್ಕೆ (ಪ್ರೋಗ್ರಾಮ್ ಮುಗಿಯುವ ಮುನ್ನ ಅಳಿಯಬಹುದಾದ ಯಾವುದರ ಎರವಲೂ ಒಳಗಿರಬಾರದು ಎಂಬುದಕ್ಕೆ) ಒಳಪಟ್ಟಿರಬೇಕೆಂಬ ಷರತ್ತು ಇದೆ. ಜಾಯಿನ್ ಹ್ಯಾಂಡಲನ್ನು ಯಾರಾದರೂ ಕೈಬಿಟ್ಟರೆ ಥ್ರೆಡ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ; ಕಂಪೈಲರ್ ಆ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಈ ಷರತ್ತಿನ ಎರಡನೆಯ ಅರ್ಧ, ಅಂದರೆ ಹಿಂತಿರುಗುವ ಮೌಲ್ಯದ ಮೇಲಿನ ನಿರ್ಬಂಧವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನನ್ನ ಮಟ್ಟಿಗೆ ಆಯ್ಕೆ ನಿರ್ಧಾರವಾದದ್ದು ಅಲ್ಲಿ.

ಈ ದೋಷಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ಆರ್ಕ್, ಅಂದರೆ ಒಂದು ಮೌಲ್ಯಕ್ಕೆ ಎಷ್ಟು ಒಡೆಯರಿದ್ದಾರೆಂದು ಎಣಿಸುತ್ತಾ ಒಡೆತನವನ್ನು ಹಂಚಿಕೊಡುವ ಹೊದಿಕೆ. ಪಠ್ಯವನ್ನು ಆರ್ಕ್‌ನೊಳಗೆ ಇಟ್ಟು, ಪ್ರತಿ ಥ್ರೆಡ್‌ಗೂ ಅದರ ಒಂದೊಂದು ಕ್ಲೋನ್ ಕೊಟ್ಟರೆ ಪಠ್ಯ ನಕಲಾಗುವುದಿಲ್ಲ, ಒಂದು ಅಟಾಮಿಕ್ ಎಣಿಕೆ (ಹಲವು ಥ್ರೆಡ್‌ಗಳು ಒಟ್ಟಿಗೆ ತಿದ್ದಿದರೂ ತಪ್ಪದ ಎಣಿಕೆ) ಮಾತ್ರ ಹೆಚ್ಚುತ್ತದೆ; ಕೊನೆಯ ಕ್ಲೋನ್ ಬಿದ್ದಾಗ ಮೆಮೊರಿ ಬಿಡುಗಡೆಯಾಗುತ್ತದೆ. ಆರ್ಕ್ ನಿಧಾನ ಎಂಬ ದೂರನ್ನು ಅಲ್ಲಲ್ಲಿ ಕೇಳುತ್ತೇವೆ. ಥ್ರೆಡ್‌ಗೆ ಒಂದರಂತೆ ಕ್ಲೋನ್ ಮಾಡಿದರೆ ಆ ವೆಚ್ಚ ಅಳತೆಗೂ ಸಿಗುವುದಿಲ್ಲ. ಪ್ರತಿ ಪದಕ್ಕೂ ಕ್ಲೋನ್ ಮಾಡುವ ಲೂಪ್ ಬರೆದರೆ ಮಾತ್ರ ಎಲ್ಲ ಕೋರ್‌ಗಳೂ ಒಂದೇ ಎಣಿಕೆಯನ್ನು ತಿದ್ದಲು ಪೈಪೋಟಿಗೆ ಬೀಳುತ್ತವೆ. ಇನ್ನೊಂದು ಸಣ್ಣ ಎಚ್ಚರಿಕೆ: ಈಗಾಗಲೇ ಸ್ಟ್ರಿಂಗ್ ಆಗಿರುವ ಪಠ್ಯವನ್ನು ಆರ್ಕ್ ಸ್ಟ್ರ್ (ಪಠ್ಯವನ್ನೇ ನೇರವಾಗಿ ಒಳಗಿಡುವ ಆರ್ಕ್) ಆಗಿ ಪರಿವರ್ತಿಸಿದರೆ ಇಡೀ ಪಠ್ಯ ಹೊಸ ಜಾಗಕ್ಕೆ ನಕಲಾಗುತ್ತದೆ, ಸ್ಟ್ರಿಂಗನ್ನು ಇದ್ದಂತೆಯೇ ಆರ್ಕ್‌ನೊಳಗೆ ಇಟ್ಟರೆ ಆಗುವುದಿಲ್ಲ. ದೊಡ್ಡ ಕಡತಕ್ಕೆ ಎರಡನೆಯದೇ ಸರಿ.

ಆರ್ಕ್‌ನ ನಿಜವಾದ ಬೆಲೆ ಬೇರೆ ಕಡೆ ಇದೆ. ನನ್ನ ಪ್ರೋಗ್ರಾಮಿನಲ್ಲಿ ಪ್ರತಿ ಥ್ರೆಡ್ ಹಿಂತಿರುಗಿಸಬೇಕಾದದ್ದು ಹೆಸರುಗಳ ಪಟ್ಟಿಯನ್ನು, ಅಂದರೆ ಪಠ್ಯದ ತುಣುಕುಗಳನ್ನು. ಆ ತುಣುಕುಗಳು ಮೂಲ ಪಠ್ಯದೊಳಗೇ ಇರುವಾಗ ಅವನ್ನು ಮತ್ತೆ ನಕಲು ಮಾಡುವ ಅಗತ್ಯ ಇಲ್ಲ. ಪಠ್ಯದತ್ತ ಬೊಟ್ಟುಮಾಡುವ ರೆಫರೆನ್ಸ್‌ಗಳನ್ನು ಹಿಂತಿರುಗಿಸಿದರೆ ಸಾಕು. ಆದರೆ ಥ್ರೆಡ್‌ನ ಒಳಗಿರುವ ಆರ್ಕ್ ಕ್ಲೋನ್‌ನಿಂದ ಪಡೆದ ರೆಫರೆನ್ಸ್ ಆ ಕ್ಲೋನ್‌ನೊಂದಿಗೇ ಸಾಯುತ್ತದೆ, ಮತ್ತು ಸ್ಪಾನ್‌ನ ಸಹಿ ಅಂಥ ಮೌಲ್ಯವನ್ನು ಹೊರಗೆ ಬಿಡುವುದೇ ಇಲ್ಲ. ಉಳಿಯುವುದು ಎರಡು ಉಪಾಯಗಳು. ಒಂದು, ಸಿಕ್ಕ ಪ್ರತಿ ಹೆಸರನ್ನೂ ಹೊಸ ಸ್ಟ್ರಿಂಗ್ ಆಗಿ ನಕಲು ಮಾಡುವುದು. ಎರಡು, ತುಣುಕಿನ ಬದಲು ಅದರ ಆರಂಭ ಮತ್ತು ಅಂತ್ಯದ ಬೈಟ್ ಸ್ಥಾನಗಳನ್ನು ಹಿಂತಿರುಗಿಸಿ, ಮುಖ್ಯ ಫಂಕ್ಷನ್‌ನಲ್ಲಿ ಮತ್ತೆ ಕತ್ತರಿಸಿಕೊಳ್ಳುವುದು. ಮೊದಲನೆಯದು ಸರಳ, ಆದರೆ ಮೆಮೊರಿಯ ಹಂಚಿಕೆ ಹೆಸರುಗಳ ಸಂಖ್ಯೆಯಷ್ಟೂ ಬಾರಿ ನಡೆಯುತ್ತದೆ. ಎರಡನೆಯದು ಹಗುರ, ಆದರೆ ಬರಿಯ ಸಂಖ್ಯೆಗಳಿಗೆ ತಾವು ಯಾವ ಕಡತದವು ಎಂಬುದು ಗೊತ್ತಿರುವುದಿಲ್ಲ. ಒಂದು ಕಡತದ ಸ್ಥಾನಗಳನ್ನು ಇನ್ನೊಂದರ ಮೇಲೆ ಪ್ರಯೋಗಿಸಿದರೆ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಎರವಲುಗಳನ್ನು ಪರೀಕ್ಷಿಸುವ ಕಂಪೈಲರ್‌ನ ಭಾಗವಾದ ಬಾರೋ ಚೆಕರ್ ನಮಗಾಗಿ ಮಾಡುತ್ತಿದ್ದ ಕೆಲಸವನ್ನು ನಾವೇ ಕೈಯಲ್ಲಿ ಮಾಡಿದಂತಾಯಿತು.

ಥ್ರೆಡ್ ಸ್ಕೋಪ್ ಈ ಗಂಟನ್ನೇ ಬಿಡಿಸುತ್ತದೆ. 2022ರ ಆಗಸ್ಟ್‌ನಲ್ಲಿ ಬಂದ ರಸ್ಟ್ 1.63 ಆವೃತ್ತಿಯಿಂದ ಇದು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿದೆ. ಸ್ಕೋಪ್ ಎಂಬ ಫಂಕ್ಷನ್‌ಗೆ ಒಂದು ಕ್ಲೋಷರ್ ಕೊಡುತ್ತೇವೆ. ಅದರೊಳಗೆ ಹುಟ್ಟಿದ ಎಲ್ಲ ಥ್ರೆಡ್‌ಗಳೂ ಮುಗಿಯುವವರೆಗೆ ಆ ಫಂಕ್ಷನ್ ಹಿಂತಿರುಗುವುದಿಲ್ಲ. ಆದ್ದರಿಂದ ಹೊರಗಿನ ಪಠ್ಯವನ್ನೂ ಕೋಶವನ್ನೂ ಒಳಗಿನ ಥ್ರೆಡ್‌ಗಳು ಸಾದಾ ರೆಫರೆನ್ಸ್ ಮೂಲಕವೇ ಓದಬಹುದು, ಮತ್ತು ಅಷ್ಟೇ ಮುಖ್ಯವಾಗಿ, ಪಠ್ಯದ ತುಣುಕುಗಳತ್ತ ಬೊಟ್ಟುಮಾಡುವ ರೆಫರೆನ್ಸ್‌ಗಳ ಪಟ್ಟಿಯನ್ನು ಅಥವಾ ಹ್ಯಾಶ್‌ಮ್ಯಾಪನ್ನು (ಹೆಸರಿಗೊಂದು ಮೌಲ್ಯ ಜೋಡಿಸಿಡುವ ಕೋಷ್ಟಕವನ್ನು) ಜಾಯಿನ್ ಮೂಲಕ ಹೊರಗೆ ಕೊಡಬಹುದು. ಆರ್ಕ್ ಬಳಸಿ ಬರೆದ ಆವೃತ್ತಿಯಲ್ಲಿದ್ದ ನಕಲುಗಳು, ಕ್ಲೋನ್‌ಗಳು, ಸ್ಥಾನದ ಲೆಕ್ಕಗಳು ಎಲ್ಲವೂ ಇಲ್ಲಿ ಬಿದ್ದುಹೋದವು. ವಾಚನಾಲಯದ ಪುಸ್ತಕವನ್ನು ಮನೆಗೆ ಒಯ್ಯದೆ ಅಲ್ಲೇ ಕುಳಿತು ಓದುವವರಿಗೆ ಸದಸ್ಯತ್ವದ ಚೀಟಿ ಬೇಕಿಲ್ಲ, ಕೊನೆಯ ಓದುಗ ಎದ್ದ ಮೇಲೆ ಬಾಗಿಲು ಹಾಕಿದರಾಯಿತು, ವ್ಯವಸ್ಥೆ ಅದೇ.

ಇದು ಇಷ್ಟು ತಡವಾಗಿ ಬಂದದ್ದಕ್ಕೆ ಕಾರಣವಿದೆ. 2015ರ ಮೇ ತಿಂಗಳಲ್ಲಿ ರಸ್ಟ್ 1.0 ಹೊರಬರುವ ಮುನ್ನ ಥ್ರೆಡ್ ಸ್ಕೋಪ್ಡ್ ಎಂಬ ಹಳೆಯ ರೂಪವೊಂದಿತ್ತು. ಅದು ಒಂದು ಕಾವಲು ಮೌಲ್ಯವನ್ನು ಹಿಂತಿರುಗಿಸುತ್ತಿತ್ತು, ಆ ಮೌಲ್ಯ ನಾಶವಾಗುವಾಗ ಥ್ರೆಡ್‌ಗಾಗಿ ಕಾಯುತ್ತಿತ್ತು. ಆದರೆ ಒಂದು ಮೌಲ್ಯವನ್ನು ನಾಶವಾಗದಂತೆ ಮರೆತುಬಿಡುವುದು, ಉದಾಹರಣೆಗೆ ಆರ್‌ಸಿಗಳ (ಒಂದೇ ಥ್ರೆಡ್‌ಗೆ ಸೀಮಿತವಾದ, ಆರ್ಕ್‌ನಂಥದೇ ಹೊದಿಕೆಗಳ) ಒಂದು ವರ್ತುಲ ಕಟ್ಟಿ ಅದರೊಳಗೆ ಸಿಕ್ಕಿಸಿಡುವುದು, ರಸ್ಟ್‌ನಲ್ಲಿ ಸುರಕ್ಷಿತ ಕೋಡ್‌ನಲ್ಲೇ ಸಾಧ್ಯ. ಹಾಗೆ ಮರೆತರೆ ಥ್ರೆಡ್ ಓಡುತ್ತಿರುವಾಗಲೇ ಫಂಕ್ಷನ್ ಮುಗಿದು, ಎರವಲು ಕೊಟ್ಟ ಮೆಮೊರಿಯೇ ಇಲ್ಲವಾಗುತ್ತದೆ. ಈ ರಂಧ್ರ ಕಂಡ ಕೂಡಲೇ ಆ ರೂಪವನ್ನು 1.0ರ ಸ್ಥಿರ ಭಾಗದಿಂದ ಹೊರಗಿಡಲಾಯಿತು. ಈಗಿನ ಸ್ಕೋಪ್ ಕಾಯುವ ಹೊಣೆಯನ್ನು ಬಳಕೆದಾರನ ಕೈಗೆ ಕೊಡದೆ ತನ್ನೊಳಗೇ ಇಟ್ಟುಕೊಂಡಿರುವುದರಿಂದ ಮರೆಯಲು ಏನೂ ಉಳಿದಿಲ್ಲ. ನಡುವಿನ ವರ್ಷಗಳಲ್ಲಿ ಈ ಕೆಲಸಕ್ಕೆ ಕ್ರಾಸ್‌ಬೀಮ್ ಲೈಬ್ರರಿಯ ಸ್ಕೋಪ್ ಆಸರೆಯಾಗಿತ್ತು. ಹಳೆಯ ಕಂಪೈಲರ್‌ಗೆ ಕಟ್ಟಿಬಿದ್ದವರನ್ನು ಬಿಟ್ಟರೆ ಉಳಿದವರಿಗೆ ಈಗ ಅದರ ಅಗತ್ಯ ಕಾಣುವುದಿಲ್ಲ.

ಸ್ಕೋಪ್ ಬಳಸುವಾಗ ಪಠ್ಯವನ್ನು ಥ್ರೆಡ್‌ಗಳಿಗೆ ಹಂಚುವ ಕೆಲಸ ನಮ್ಮದೇ. ಇಂಗ್ಲಿಷ್ ಮಾದರಿಗಳನ್ನು ನೋಡಿ ಬರೆಯುವವರು ಇಲ್ಲಿ ಎಡವುತ್ತಾರೆ. ಆ ಮಾದರಿಗಳಲ್ಲಿ ಪಠ್ಯದ ಉದ್ದವನ್ನು ನಾಲ್ಕರಿಂದ ಭಾಗಿಸಿ ಅಲ್ಲೇ ಕತ್ತರಿಸಿರುತ್ತಾರೆ. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಅದು ನಡೆದುಹೋಗುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ, ಅಂದರೆ ಯುನಿಕೋಡ್ ಪ್ರತ್ಯೇಕ ಸಂಖ್ಯೆ ಕೊಟ್ಟ ಪ್ರತಿ ಘಟಕಕ್ಕೂ, ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಮೂರು ಬೈಟ್, ಮಲಯಾಳಕ್ಕೂ ಅಷ್ಟೇ. ಬರಿಯ ಕನ್ನಡ ಅಕ್ಷರಗಳ ನಡುವೆ ಕಣ್ಣುಮುಚ್ಚಿ ಒಂದು ಬೈಟ್ ಸ್ಥಾನವನ್ನು ಆರಿಸಿದರೆ ಮೂರರಲ್ಲಿ ಎರಡು ಸಲ ಅದು ಸಂಕೇತವೊಂದರ ಹೊಟ್ಟೆಯೊಳಗೆ ಬೀಳುತ್ತದೆ, ಅಲ್ಲಿ ಕತ್ತರಿಸಿದರೆ ಪ್ರೋಗ್ರಾಮ್ ಪ್ಯಾನಿಕ್ ಆಗುತ್ತದೆ, ಅಂದರೆ ದೋಷ ಸಾರಿ ಅರ್ಧದಲ್ಲೇ ನಿಲ್ಲುತ್ತದೆ. ಸಂಕೇತದ ಗಡಿಯನ್ನು ಹುಡುಕಿ ಕತ್ತರಿಸಿದರೂ ಸಾಲದು: ‘ಕ್ಷ’ ಎಂಬ ಒಂದು ಅಕ್ಷರದಲ್ಲಿ ಮೂರು ಸಂಕೇತಗಳು, ಒಂಬತ್ತು ಬೈಟ್‌ಗಳು ಇವೆ; ಒತ್ತಕ್ಷರ ಒಂದು ಥ್ರೆಡ್‌ಗೂ ಅದರ ಮೂಲ ವ್ಯಂಜನ ಇನ್ನೊಂದಕ್ಕೂ ಹೋದರೆ ಊರಿನ ಹೆಸರು ಇಬ್ಬರಿಗೂ ಸಿಗುವುದಿಲ್ಲ. ಅಂದಾಜು ಸ್ಥಾನದಿಂದ ಮುಂದಿನ ಸಾಲು ಮುರಿಯುವ ಬೈಟ್ ಸಿಗುವವರೆಗೆ ಸರಿದು ಅಲ್ಲಿ ಕತ್ತರಿಸುವುದೇ ನಂಬಿಕೆಗೆ ಯೋಗ್ಯವಾದ ಕ್ರಮ, ಏಕೆಂದರೆ ಆ ಬೈಟ್ ಯುಟಿಎಫ್-8ರಲ್ಲಿ ಬೇರಾವ ಸಂಕೇತದ ಒಳಗೂ ಬರುವುದಿಲ್ಲ. ಪ್ರತಿ ಥ್ರೆಡ್ ತನ್ನ ಭಾಗದ ಸಾಲುಗಳನ್ನು ಎಣಿಸಿ ಹೇಳಿದರೆ, ನಿಜವಾದ ಸಾಲಿನ ಸಂಖ್ಯೆಯನ್ನು ಕೊನೆಯಲ್ಲಿ ಕೂಡಿಸಿಕೊಳ್ಳಬಹುದು.

ಸ್ಥಳನಾಮಗಳ ಕೋಶದಲ್ಲಿ ಇನ್ನೊಂದು ತೊಡಕು ಎದುರಾಯಿತು. ಒಮ್ಮೆ ಹುಡುಕಿದ ರೂಪಭೇದವನ್ನು ನೆನಪಿಟ್ಟುಕೊಳ್ಳಲು ಅದರೊಳಗೆ, ಸಾದಾ ರೆಫರೆನ್ಸ್ ಮೂಲಕವೂ ಒಳಗಿನದನ್ನು ಬದಲಿಸಲು ಬಿಡುವ ರೆಫ್‌ಸೆಲ್‌ನಲ್ಲಿ, ಒಂದು ಸಣ್ಣ ಸಂಗ್ರಹ ಇತ್ತು. ಸ್ಕೋಪ್‌ಗೆ ಬದಲಾಯಿಸಿದ ಕೂಡಲೇ ಕಂಪೈಲರ್, ಈ ರೆಫ್‌ಸೆಲ್ ಅನ್ನು ಥ್ರೆಡ್‌ಗಳ ನಡುವೆ ಸುರಕ್ಷಿತವಾಗಿ ಹಂಚಿಕೊಳ್ಳಲಾಗದು ಎಂದು ತಡೆಯಿತು. ನಿಯಮ ಚಿಕ್ಕದು: ಒಂದು ಮೌಲ್ಯ ಸಿಂಕ್ ಆಗಿದ್ದರೆ, ಅಂದರೆ ಹಲವು ಥ್ರೆಡ್‌ಗಳು ಸುರಕ್ಷಿತವಾಗಿ ಹಂಚಿಕೊಳ್ಳಬಹುದಾಗಿದ್ದರೆ, ಮಾತ್ರ ಅದರ ರೆಫರೆನ್ಸ್ ಸೆಂಡ್ ಆಗುತ್ತದೆ, ಅಂದರೆ ಇನ್ನೊಂದು ಥ್ರೆಡ್‌ಗೆ ಹೋಗಬಲ್ಲದು, ರೆಫ್‌ಸೆಲ್ ಸಿಂಕ್ ಅಲ್ಲ. ಹೊರಗೆ ಓದುವುದು ಎಂದು ಕಾಣುತ್ತಿದ್ದ ಹುಡುಕಾಟ ಒಳಗೆ ಬರೆಯುತ್ತಲೂ ಇತ್ತು ಎಂಬುದನ್ನು ಕಂಪೈಲರ್ ಎತ್ತಿ ತೋರಿಸಿತು. ಇದಕ್ಕೆ ಮ್ಯೂಟೆಕ್ಸ್, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡನ್ನು ಒಳಬಿಡುವ ಬೀಗ, ಹಾಕಬಹುದು. ಹಾಕಿದರೆ ಪ್ರತಿ ಹುಡುಕಾಟವೂ ಸರದಿಯಲ್ಲಿ ನಿಲ್ಲುತ್ತದೆ. ಆರ್‌ಡಬ್ಲ್ಯೂ ಲಾಕ್‌ನಲ್ಲಿ ಓದುಗರು ಒಟ್ಟಿಗೆ ಒಳಬರುತ್ತಾರಾದರೂ ಓದಲು ಬೀಗ ಹಿಡಿಯುವುದೂ ಒಂದು ಅಟಾಮಿಕ್ ಬರವಣಿಗೆಯೇ. ಕೋಶದಿಂದ ಆ ಸಂಗ್ರಹವನ್ನು ಕಿತ್ತು ಪ್ರತಿ ಥ್ರೆಡ್‌ಗೂ ಅದರದೇ ಸಂಗ್ರಹ ಕೊಟ್ಟದ್ದು ಇವೆರಡಕ್ಕಿಂತ ಚೆನ್ನಾಗಿ ನಡೆಯಿತು. ಎಣಿಕೆಯ ಪಟ್ಟಿಗಳ ವಿಷಯದಲ್ಲೂ ಹಾಗೆಯೇ: ಎಲ್ಲರೂ ಒಂದು ಮ್ಯೂಟೆಕ್ಸ್‌ನೊಳಗಿನ ಹ್ಯಾಶ್‌ಮ್ಯಾಪ್‌ಗೆ ಮುಗಿಬೀಳುವ ಬದಲು ತಮ್ಮ ತಮ್ಮ ಪಟ್ಟಿ ಮಾಡಿ ಕೊನೆಗೆ ಒಂದುಗೂಡಿಸುವುದು ಮೇಲು. ಬದಲಾಗದ ದತ್ತಾಂಶವನ್ನು ಕೂಡ ಅಭ್ಯಾಸಬಲದಿಂದ ಆರ್ಕ್ ಮತ್ತು ಮ್ಯೂಟೆಕ್ಸ್ ಎರಡರಲ್ಲೂ ಸುತ್ತಿಟ್ಟ ಕೋಡ್ ಬೇಕಾದಷ್ಟು ಕಾಣಸಿಗುತ್ತದೆ. ಅಲ್ಲಿ ಬೀಗಕ್ಕೆ ಏನೂ ಕೆಲಸವಿಲ್ಲ.

ಸ್ಕೋಪ್‌ಗೆ ನಿಜವಾದ ಪೈಪೋಟಿ ಕೊಟ್ಟದ್ದು ರೇಯಾನ್ ಎಂಬ ಸಮಾನಾಂತರ ಕೆಲಸದ ಲೈಬ್ರರಿ. ಅದೂ ಕೆಲಸ ಮುಗಿಯುವವರೆಗೆ ಕಾಯುವುದರಿಂದ ಎರವಲು ಪಠ್ಯವನ್ನು ತಕರಾರಿಲ್ಲದೆ ಒಪ್ಪುತ್ತದೆ, ಪಠ್ಯವನ್ನು ತಾನೇ ಸರಿಯಾದ ಗಡಿಯಲ್ಲಿ ಹಂಚುತ್ತದೆ, ಒಂದು ಥ್ರೆಡ್ ಬೇಗ ಮುಗಿಸಿದರೆ ಇನ್ನೊಂದರ ಪಾಲಿನಿಂದ ಕೆಲಸ ಎತ್ತಿಕೊಳ್ಳುತ್ತದೆ. ನನ್ನ ಸಂಗ್ರಹದಲ್ಲಿ ಒಂದೆರಡು ಪುಟದ ಲೇಖನಗಳೂ ಇಡೀ ಪುಸ್ತಕಗಳೂ ಬೆರೆತಿವೆ. ಸ್ಕೋಪ್ ಪ್ರತಿ ಸಲವೂ ಆಪರೇಟಿಂಗ್ ಸಿಸ್ಟಂನಿಂದ ಹೊಸ ಥ್ರೆಡ್‌ಗಳನ್ನು ಕೇಳುವುದರಿಂದ ಸಣ್ಣ ಲೇಖನದಲ್ಲಿ ಓದುವುದಕ್ಕಿಂತ ಥ್ರೆಡ್ ಹುಟ್ಟಿಸುವುದೇ ದುಬಾರಿಯಾಗುತ್ತದೆ; ರೇಯಾನ್‌ನ ಥ್ರೆಡ್‌ಗಳು ಒಮ್ಮೆ ಹುಟ್ಟಿ ಕೊನೆಯವರೆಗೂ ಉಳಿಯುತ್ತವೆ. ಆದರೆ ರೇಯಾನ್ ಕೊಡುವ ಸಮಾನಾಂತರ ಸಾಲುಗಳ ಇಟರೇಟರ್‌ಗೆ (ಸಾಲುಗಳನ್ನು ಒಂದೊಂದಾಗಿ ಕೊಡುವ ಸಾಧನಕ್ಕೆ) ಕ್ರಮಸಂಖ್ಯೆ ಹಚ್ಚುವ ಎನ್ಯುಮರೇಟ್ ಸಿಗುವುದಿಲ್ಲ, ಆದ್ದರಿಂದ ಸಾಲಿನ ಸಂಖ್ಯೆ ಬೇಕಾದವರು ಮೊದಲು ಎಲ್ಲ ಸಾಲುಗಳ ರೆಫರೆನ್ಸ್‌ಗಳನ್ನು ಒಂದು ವೆಕ್ಟರ್‌ಗೆ ತುಂಬಿಕೊಳ್ಳಬೇಕು. ಡಿಸ್ಕ್‌ಗಾಗಿ ಕಾಯುವ ಕೆಲಸವನ್ನು ಅದರ ಥ್ರೆಡ್‌ಗಳ ಮೇಲೆ ಹೇರುವುದೂ ಒಳ್ಳೆಯದಲ್ಲ. ಕೊನೆಗೆ ನಾನು ಇಟ್ಟುಕೊಂಡದ್ದು ಹೀಗೆ: ಸಣ್ಣ ಕಡತಗಳ ರಾಶಿಗೆ ರೇಯಾನ್, ಒಂದೇ ದೊಡ್ಡ ಪಠ್ಯಕ್ಕೆ ಸ್ಕೋಪ್. ಹೊರಗಿನ ಲೈಬ್ರರಿ ಬೇಡ ಎನ್ನುವವರು ಎರಡಕ್ಕೂ ಸ್ಕೋಪ್ ಬಳಸಿ, ಕಡತಗಳನ್ನು ಗುಂಪು ಮಾಡಿ ಹಂಚಬಹುದು.

ಲೀಕ್ ಎಂಬ ಅಡ್ಡದಾರಿಯೊಂದಿದೆ. ಪಠ್ಯದ ಸ್ಟ್ರಿಂಗನ್ನು ಬೇಕೆಂದೇ ಸೋರಲು ಬಿಟ್ಟರೆ ಸ್ಟ್ಯಾಟಿಕ್ ರೆಫರೆನ್ಸ್ ಸಿಗುತ್ತದೆ, ಸಾದಾ ಸ್ಪಾನ್ ಅದನ್ನು ಒಪ್ಪುತ್ತದೆ, ತುಣುಕುಗಳನ್ನು ಹಿಂತಿರುಗಿಸಲೂ ಅಡ್ಡಿಯಿಲ್ಲ. ಒಂದು ಕಡತ ಓದಿ ಮುಗಿಯುವ ಪ್ರೋಗ್ರಾಮಿಗೆ ಇದರಲ್ಲಿ ತಪ್ಪೇನಿಲ್ಲ. ಕಡತದ ಮೇಲೆ ಕಡತ ಓದುವಲ್ಲಿ ಪ್ರತಿಯೊಂದೂ ಕೊನೆಯವರೆಗೆ ಮೆಮೊರಿಯಲ್ಲಿ ಉಳಿಯುತ್ತದೆ. ಸುರಕ್ಷತೆಯ ಹೊಣೆಯನ್ನು ಬರೆಯುವವರ ಮೇಲೇ ಬಿಡುವ ಅನ್‌ಸೇಫ್ ಬಳಸಿ ಲೈಫ್‌ಟೈಮನ್ನು ಸುಳ್ಳುಸುಳ್ಳೇ ಹಿಗ್ಗಿಸುವ ಸಲಹೆಯನ್ನು ನಾನು ಪ್ರಯೋಗಿಸಲಿಲ್ಲ. ಅದನ್ನು ಮಾಡಹೊರಟವರು ಸಿ++ ಭಾಷೆಯಲ್ಲೇ ಬರೆಯಬಹುದು: ಅಲ್ಲಿ ಪಠ್ಯದತ್ತ ಬೊಟ್ಟುಮಾಡುವ ಸ್ಟ್ರಿಂಗ್ ವ್ಯೂ ಒಂದನ್ನು ಥ್ರೆಡ್‌ಗೆ ಕೊಟ್ಟು ಮೂಲ ಸ್ಟ್ರಿಂಗ್ ಮೊದಲೇ ಅಳಿದುಹೋದರೂ ಕಂಪೈಲರ್ ತಡೆಯದೆ ಇರಬಹುದು, ಸಿ++20ರ ಥ್ರೆಡ್ ರೂಪವಾದ ಜೆಥ್ರೆಡ್ ತಾನಾಗಿಯೇ ಕಾಯುತ್ತದಾದರೂ ಅಸ್ಥಿರಗಳನ್ನು ಘೋಷಿಸಿದ ಕ್ರಮ ತಪ್ಪಿದರೆ ಅದೂ ಕಾಪಾಡದು.

ಥ್ರೆಡ್ ಪ್ಯಾನಿಕ್ ಆದಾಗಿನ ನಡತೆಯಲ್ಲೂ ವ್ಯತ್ಯಾಸವಿದೆ. ಸ್ಕೋಪ್‌ನಲ್ಲಿ ನಾವೇ ಜಾಯಿನ್ ಕರೆದು ದೋಷವನ್ನು ಸ್ವೀಕರಿಸದಿದ್ದರೆ, ಉಳಿದ ಥ್ರೆಡ್‌ಗಳು ಮುಗಿದ ಮೇಲೆ ಸ್ಕೋಪ್ ತಾನೂ ಪ್ಯಾನಿಕ್ ಆಗುತ್ತದೆ. ಸ್ಪಾನ್ ಮಾಡಿ ಹ್ಯಾಂಡಲ್ ಕೈಬಿಟ್ಟಿದ್ದರೆ ಮುಖ್ಯ ಥ್ರೆಡ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಸ್ಥಳನಾಮಗಳ ಪಟ್ಟಿ ಅರ್ಧಂಬರ್ಧ ಬರುವುದಕ್ಕಿಂತ ಬಾರದಿರುವುದು ವಾಸಿ ಎಂಬ ನನ್ನ ಅಗತ್ಯಕ್ಕೆ ಮೊದಲನೆಯದು ಹೊಂದುತ್ತದೆ.

ಆರ್ಕ್‌ಗೆ ಬದಲಿಯೇ ಇಲ್ಲದ ಜಾಗವೊಂದು ಉಳಿಯಿತು. ಇದೇ ಕೋಶವನ್ನು ಬ್ರೌಸರ್‌ನಿಂದ ಹುಡುಕುವಂತೆ ಹಲವು ಕೋರಿಕೆಗಳನ್ನು ಒಟ್ಟಿಗೆ ನಿರ್ವಹಿಸುವ ಟೋಕಿಯೋ ಲೈಬ್ರರಿಯ ಮೇಲೆ ಒಂದು ಸಣ್ಣ ಸರ್ವರ್ ಬರೆದಾಗ, ಟೋಕಿಯೋದ ಸ್ಪಾನ್ ಕೂಡ ಸ್ಟ್ಯಾಟಿಕ್ ಷರತ್ತನ್ನೇ ಹೇರಿತು. ಅಲ್ಲಿ ಪ್ರತಿ ಕೋರಿಕೆ ಯಾವಾಗ ಮುಗಿಯುತ್ತದೆ ಎಂಬುದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ, ಎಲ್ಲರಿಗಾಗಿ ಕಾಯುವ ಒಂದು ಫಂಕ್ಷನ್ ಕೂಡ ಇಲ್ಲ. ಕೋಶವನ್ನು ಆರ್ಕ್‌ನಲ್ಲಿಟ್ಟು ಕೋರಿಕೆಗೊಂದು ಕ್ಲೋನ್ ಕೊಟ್ಟಿದ್ದೇನೆ. ಉತ್ತರ ಹೇಗೂ ಹೊಸ ಸ್ಟ್ರಿಂಗ್ ಆಗಿಯೇ ಹೊರಗೆ ಹೋಗಬೇಕಾದ್ದರಿಂದ ಇಲ್ಲಿ ನಕಲಿನ ದೂರೂ ಏಳುವುದಿಲ್ಲ.